ಬಯಲಿಗೆ ಬೀಗವೇಕೆ?

2025ನೆಯ ಇಸವಿಯ ಅಕ್ಟೋಬರ್ ಮಾಸದಲ್ಲಿ ಕಲಬುರಗಿ ಜಿಲ್ಲೆಯ ಚಿತ್ತಾಪುರದಲ್ಲಿ ಒದಗಿದ ಪ್ರಸಂಗವು ನಮ್ಮ ವಾಚಕರ ಸ್ಮರಣೆಯಲ್ಲಿ ಇನ್ನೂ ಇರಬಹುದು. ರಾಷ್ಟ್ರೀಯ ಸ್ವಯಂಸೇವಕ ಸಂಘದವರು ತಮ್ಮ ಸಂಸ್ಥೆಗೆ ನೂರು ವರ್ಷ ತುಂಬಿದ ಕಾಲದಲ್ಲಿ, ಆ ತಿಂಗಳ 19ನೆಯ ತಾರೀಖು ಊರಿನ ಬೀದಿಗಳಲ್ಲಿ ಪಥಸಂಚಲನ ಮಾಡಬೇಕೆಂದು ಅಪ್ಪಣೆ ಕೇಳಿದರು. ಅದೇ ದಿನ, ಅದೇ ಮಾರ್ಗದಲ್ಲಿ ತಾವೂ ನಡೆಯಬೇಕೆಂದು ಭೀಮ್ ಆರ್ಮಿ, ದಲಿತ ಪ್ಯಾಂಥರ್ಸ್ ಎಂಬ ಸಂಘಟನೆಯವರು ಮುಂದೆ ಬಂದರು. ಎರಡು ಪಕ್ಷದವರೂ ಒಂದೇ ಬೀದಿಯಲ್ಲಿ ಸೇರಿದರೆ ಶಾಂತಿಗೆ ಭಂಗ ಬರುವುದೆಂದು ಹೇಳಿ ತಹಶೀಲ್ದಾರರು ಅಪ್ಪಣೆಯನ್ನು ನಿರಾಕರಿಸಿದರು. ವ್ಯಾಜ್ಯವು ಉಚ್ಚ ನ್ಯಾಯಾಲಯದ ಕಲಬುರಗಿ ಪೀಠದ ಮುಂದೆ ಹೋಯಿತು. ನವೆಂಬರ್ 2ನೆಯ ತಾರೀಖಿಗೆ ಹೊಸದಾಗಿ ಅರ್ಜಿ ಕೊಡಿರೆಂದು ನ್ಯಾಯಾಲಯವು ಹೇಳಿದುದೇ ತಡ, ಆ ದಿನಕ್ಕೂ ಹಲವು ಸಂಘಟನೆಗಳ ಅರ್ಜಿಗಳು ಬಂದು ಬಿದ್ದುವು. ಬಳಿಕ ಶಾಂತಿಸಭೆಗಳಾದುವು, ವಕೀಲರ ವಾದಗಳಾದುವು. ಕಟ್ಟಕಡೆಗೆ ನವೆಂಬರ್ 16ನೆಯ ತಾರೀಖು, 300 ಮಂದಿ ಸ್ವಯಂಸೇವಕರೂ 50 ಮಂದಿ ವಾದ್ಯದವರೂ ನಡೆಯಬಹುದೆಂಬ ಕಟ್ಟಳೆಯೊಡನೆ ಸಂಚಲನವು ನಡೆದು, ಯಾವ ಅನಾಹುತವೂ ಇಲ್ಲದೆ ಮುಗಿಯಿತು.

ಒಂದು ಸಾಯಂಕಾಲದ ನಡಿಗೆಗೆ ನಾಲ್ಕು ವಾರದ ವ್ಯಾಜ್ಯ! ಸಂಘದವರ ಸಿದ್ಧಾಂತವು ಸರಿಯೇ, ಅವರ ಪ್ರತಿಪಕ್ಷದವರ ಸಿದ್ಧಾಂತವು ಸರಿಯೇ ಎಂಬ ವಿಚಾರವನ್ನು ನಾವು ಇಂದು ಎತ್ತಿಕೊಂಡಿಲ್ಲ. ಆ ವಿಷಯದಲ್ಲಿ ನಮ್ಮ ವಾಚಕರಲ್ಲಿಯೇ ನಾನಾ ಅಭಿಪ್ರಾಯದವರಿದ್ದಾರೆ, ಇರತಕ್ಕದ್ದೂ ಹೌದು. ನಾವು ಕೇಳುವುದು ಅದಕ್ಕಿಂತ ಮೊದಲಿನ ಒಂದು ಪ್ರಶ್ನೆ. ಊರಿನ ಬೀದಿಯೂ ಬಯಲೂ ಯಾರ ಸ್ವತ್ತು? ಅದನ್ನು ಒಂದು ದಿನದ ಮಟ್ಟಿಗೆ ಒಬ್ಬರಿಗೆ ಕೊಡುವಾಗ ಅಧಿಕಾರಿಯು ಏನನ್ನು ನೋಡಬೇಕು? ಕೇಳುವವರ ಮುಖವನ್ನೋ, ಅರ್ಜಿಯ ತಾರೀಖನ್ನೋ?

ಈ ಪ್ರಶ್ನೆಯು ಚಿತ್ತಾಪುರಕ್ಕೆ ಮಾತ್ರ ಸೇರಿದ್ದಲ್ಲ. ಅದೇ ಅಕ್ಟೋಬರ್ 4ನೆಯ ತಾರೀಖು, ಚಿತ್ತಾಪುರದ ಶಾಸಕರೂ ಸಚಿವರೂ ಆದ ಶ್ರೀ ಪ್ರಿಯಾಂಕ್ ಖರ್ಗೆಯವರು ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಸರಕಾರದ ಶಾಲೆ, ಮೈದಾನ ಮೊದಲಾದೆಡೆಗಳಲ್ಲಿ ಸಂಘದ ಚಟುವಟಿಕೆಗಳನ್ನು ನಿಷೇಧಿಸಬೇಕೆಂದು ಕೋರಿದ್ದರು. ಎರಡು ವಾರದೊಳಗೆ, ಅಂದರೆ ಅಕ್ಟೋಬರ್ 18ರಂದು, ಸರಕಾರದ ಆಜ್ಞೆಯೊಂದು ಹೊರಟಿತು. ಖಾಸಗಿ ಸಂಸ್ಥೆಗಳು ಪೂರ್ವಾನುಮತಿಯಿಲ್ಲದೆ ಸರಕಾರದ ಜಾಗಗಳನ್ನು ಉಪಯೋಗಿಸಕೂಡದು. ಅನುಮತಿಯಿಲ್ಲದೆ 10 ಮಂದಿಗಿಂತ ಹೆಚ್ಚು ಜನರು ಕೂಡಿದರೆ ಅದು ಅಕ್ರಮಕೂಟವೆನಿಸುವುದು ಎಂದು ಅದರ ತಾತ್ಪರ್ಯ. ಆಜ್ಞೆಯಲ್ಲಿ ಯಾವ ಸಂಸ್ಥೆಯ ಹೆಸರೂ ಇರಲಿಲ್ಲ. ಅದು ಎಲ್ಲರಿಗೂ ಸಮಾನವೆಂದು ಸರಕಾರದವರು ಹೇಳಿದರು. ಆದರೆ ಅದು ಯಾರ ಸಲುವಾಗಿ ಹುಟ್ಟಿತೆಂಬುದನ್ನು ಹಳ್ಳಿಯ ಚಾವಡಿಯಲ್ಲಿ ಕುಳಿತವನೂ ಬಲ್ಲನು. ಅಕ್ಟೋಬರ್ 28ರಂದು ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಆ ಆಜ್ಞೆಗೆ ಮಧ್ಯಂತರ ತಡೆಯನ್ನು ಕೊಟ್ಟಿತು. ನವೆಂಬರ್ 6ರಂದು ಸರಕಾರದ ಮೇಲ್ಮನವಿಯೂ ತಿರಸ್ಕೃತವಾಯಿತು.

ವಿಚಾರಮಾಡಿ ನೋಡಿದರೆ ಈ ಆಜ್ಞೆಯಿಂದ ಮೊದಲು ಕಷ್ಟಕ್ಕೆ ಸಿಕ್ಕುವವರು ಯಾರು? ದೊಡ್ಡ ಸಂಸ್ಥೆಗೆ ವಕೀಲರಿದ್ದಾರೆ, ಧನಬಲವಿದೆ, ಪತ್ರಿಕೆಗಳಿವೆ. ಅದು ನ್ಯಾಯಾಲಯದ ಬಾಗಿಲನ್ನು ಮರುದಿನವೇ ತಟ್ಟಬಲ್ಲುದು. ಮುಂಜಾನೆ ಉದ್ಯಾನದಲ್ಲಿ ಕೂಡುವ ವೃದ್ಧರು, ಸಂಬಳ ಬಾರದೆ ಕಛೇರಿಯ ಮುಂದೆ ನಿಲ್ಲುವ ಪೌರಕಾರ್ಮಿಕರು, ನೀರು ಬಾರದೆ ಕೊಡ ಹಿಡಿದು ಬರುವ ಹೆಂಗಸರು, ಇವರಿಗೆ ಯಾವ ವಕೀಲರಿದ್ದಾರೆ? ಹನ್ನೊಂದನೆಯವಳು ಬಂದು ನಿಂತೊಡನೆ ಆ ಕೊಡಗಳ ಸಾಲೂ ಅಕ್ರಮಕೂಟವಾಗುವುದಾದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಇಷ್ಟನ್ನು ಓದಿ ವಿರೋಧಪಕ್ಷದ ಮಿತ್ರರು ಸಂತೋಷಪಡುತ್ತಿರಬಹುದು. ಅವರೂ ಸ್ವಲ್ಪ ತಾಳಬೇಕು. ಈ ಬೀಗವನ್ನು ಕಮ್ಮಟದಲ್ಲಿ ಬಡಿದವರು ಒಬ್ಬರೇ ಅಲ್ಲ. ಶಾಲೆಯ ಆವರಣಗಳನ್ನು ವಿದ್ಯಾಭ್ಯಾಸಕ್ಕಲ್ಲದೆ ಅನ್ಯ ಕಾರ್ಯಕ್ಕೆ ಕೊಡಕೂಡದೆಂಬ ಸುತ್ತೋಲೆಯು 2013ರಲ್ಲಿ, ಶ್ರೀ ಜಗದೀಶ ಶೆಟ್ಟರರು ಭಾರತೀಯ ಜನತಾಪಕ್ಷದ ಮುಖ್ಯಮಂತ್ರಿಗಳಾಗಿದ್ದಾಗ ಹೊರಟುದು. 2025ರಲ್ಲಿ ಕಾಂಗ್ರೆಸಿನವರು ಎತ್ತಿ ತೋರಿಸಿದುದು ಅದನ್ನೇ. 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯಿದೆಯ ತಿದ್ದುಪಡಿಯನ್ನು ವಿರೋಧಿಸಿ ಜನರು ಸಭೆ ಸೇರುವುದಕ್ಕಿದ್ದಾಗ, ಬೆಂಗಳೂರು ನಗರದಲ್ಲೆಲ್ಲ 144ನೆಯ ಕಲಮನ್ನು ಜಾರಿಮಾಡಿ, ಮೊದಲು ಕೊಟ್ಟಿದ್ದ ಅಪ್ಪಣೆಗಳನ್ನೂ ಹಿಂದಕ್ಕೆ ಪಡೆದರು. ಆ ತಿಂಗಳ 19ರಂದು ಪುರಭವನದ ಮುಂದೆ ಸುಮ್ಮನೆ ಫಲಕ ಹಿಡಿದು ನಿಂತಿದ್ದ ಇತಿಹಾಸಕಾರ ಶ್ರೀ ರಾಮಚಂದ್ರ ಗುಹಾ ಅವರನ್ನು ಪೋಲೀಸರು ಹಿಡಿದೊಯ್ದುದನ್ನು ದೇಶವೆಲ್ಲ ನೋಡಿತು. ಆ ನಿಷೇಧಾಜ್ಞೆಯು ಕಾನೂನಿಗೆ ವಿರುದ್ಧವೆಂದು ಉಚ್ಚ ನ್ಯಾಯಾಲಯವು 2020ರ ಫೆಬ್ರವರಿ 13ರಂದು ತೀರ್ಪಿತ್ತಿತು. ಆಗ ರಾಜ್ಯದ ಅಧಿಕಾರವು ಯಾರ ಕೈಯಲ್ಲಿತ್ತೆಂಬುದನ್ನು ಹೇಳಬೇಕಾದುದಿಲ್ಲ. ಬೆಂಗಳೂರಿನ ಪ್ರತಿಭಟನೆಗಳೆಲ್ಲ ಸ್ವಾತಂತ್ರ್ಯ ಉದ್ಯಾನವೊಂದರಲ್ಲಿಯೇ ನಡೆಯತಕ್ಕದ್ದೆಂದು ವಿಧಿಸಿದ 2021ರ ಆದೇಶವೂ ಅದೇ ಪಕ್ಷದ ಆಳ್ವಿಕೆಯಲ್ಲಿ ಆದುದು. ಉಚ್ಚ ನ್ಯಾಯಾಲಯವು ಸಂಚಾರದ ತೊಂದರೆಯನ್ನು ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತ್ತೆಂಬುದನ್ನೂ ಇಲ್ಲಿ ಹೇಳುವುದು ನ್ಯಾಯ.

ಇನ್ನೊಂದು ಉದಾಹರಣೆಯು ನಮ್ಮ ಜಿಲ್ಲೆಗೇ ತಗಲಿದ್ದು. 2022ರ ಏಪ್ರಿಲ್ ತಿಂಗಳಲ್ಲಿ, ಗುತ್ತಿಗೆದಾರರೊಬ್ಬರ ಆತ್ಮಹತ್ಯೆಯ ಪ್ರಕರಣದಲ್ಲಿ ಆಗಿನ ಸಚಿವರೂ ಶಿವಮೊಗ್ಗದ ಶಾಸಕರೂ ಆಗಿದ್ದ ಶ್ರೀ ಕೆ. ಎಸ್. ಈಶ್ವರಪ್ಪನವರನ್ನು ಬಂಧಿಸಬೇಕೆಂದು ಕೇಳುತ್ತ, ವಿರೋಧಪಕ್ಷದ ನಾಯಕರಾಗಿದ್ದ ಶ್ರೀ ಸಿದ್ಧರಾಮಯ್ಯನವರು ಬೆಂಗಳೂರಿನಲ್ಲಿ ಬೀದಿಗಿಳಿದರು. ರಸ್ತೆಯನ್ನು ತಡೆದರೆಂದು ಅವರ ಮೇಲೆ ಮೊಕದ್ದಮೆಯಾಯಿತು. ಆ ಮೊಕದ್ದಮೆಯನ್ನು ರದ್ದು ಮಾಡಲು ಒಪ್ಪದೆ ಉಚ್ಚ ನ್ಯಾಯಾಲಯವು 2024ರ ಫೆಬ್ರವರಿಯಲ್ಲಿ ಅವರಿಗೆ 10,000 ರೂಪಾಯಿ ದಂಡವನ್ನು ವಿಧಿಸಿತು. ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆ ಕೊಟ್ಟಿತು. ಅಷ್ಟು ಹೊತ್ತಿಗೆ ಸಿದ್ಧರಾಮಯ್ಯನವರು ಮುಖ್ಯಮಂತ್ರಿಗಳಾಗಿದ್ದರು! ಬೀದಿಯಲ್ಲಿ ನಿಂತುದಕ್ಕಾಗಿ ಸ್ವತಃ ಕಟಕಟೆಯನ್ನು ಕಂಡವರ ಸರಕಾರವೇ, ಎರಡು ವರ್ಷ ಕಳೆಯುವುದರೊಳಗೆ, ಹತ್ತು ಮಂದಿಯ ಮೇಲೊಬ್ಬನು ಕೂಡಿದರೆ ಅಪರಾಧವೆಂದು ಆಜ್ಞೆ ಬರೆಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯು ನಮ್ಮ ರಾಜಕೀಯಸ್ಥರಿಗೆ ನಿತ್ಯ ಪಾರಾಯಣಕ್ಕೆ ಯೋಗ್ಯವಾದುದು. ಸೊಸೆಯಾಗಿದ್ದಾಗ ಅತ್ತದ್ದನ್ನು ಅತ್ತೆಯಾದೊಡನೆ ಮರೆಯುವುದೇ ಎರಡು ಪಕ್ಷಗಳ ಸಮಾನಧರ್ಮವಾಗಿದೆ.

ಭದ್ರಾವತಿಯ ಹಳೇನಗರದಲ್ಲಿ ಕುಳಿತು ಇದನ್ನು ಬರೆಯುವಾಗ ನಮಗೆ ಈ ಊರಿನ ಅನುಭವವೇ ಕಣ್ಣಮುಂದೆ ಬರುತ್ತದೆ. 2022ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ಎಪ್ಪತ್ತೈದು ವರ್ಷಗಳು ತುಂಬಿದ ಆ ಶುಭದಿನದಲ್ಲಿ, ಶಿವಮೊಗ್ಗದ ಅಮೀರ್ ಅಹ್ಮದ್ ವೃತ್ತದಲ್ಲಿ ಯಾರ ಚಿತ್ರದ ಫಲಕವು ನಿಲ್ಲಬೇಕೆಂಬ ವಿಷಯದಲ್ಲಿ ಕಲಹವೆದ್ದಿತು. ಒಂದು ಗುಂಪು ಸಾವರ್ಕರರ ಚಿತ್ರವನ್ನು ನಿಲ್ಲಿಸಿದರೆ, ಇನ್ನೊಂದು ಗುಂಪು ಅದೇ ಜಾಗದಲ್ಲಿ ಟಿಪ್ಪುಸುಲ್ತಾನನ ಚಿತ್ರವನ್ನು ನಿಲ್ಲಿಸಹೊರಟಿತು. ಮಾತಿಗೆ ಮಾತು ಬೆಳೆದು ಇರಿತದವರೆಗೂ ಹೋಯಿತು. ಅದರ ಫಲವಾಗಿ ಶಿವಮೊಗ್ಗದಲ್ಲಿ ಮಾತ್ರವಲ್ಲದೆ ಭದ್ರಾವತಿಯಲ್ಲಿಯೂ ನಿಷೇಧಾಜ್ಞೆ ಬಂದಿತು. ಫಲಕ ಕಟ್ಟಿದವರೂ ಕಿತ್ತವರೂ ಯಾರೋ ಕೆಲವರು. ಮನೆಯ ಬಾಗಿಲು ಹಾಕಿಕೊಂಡು ಕೂತವರು ಎರಡೂ ಊರಿನ ಸಮಸ್ತರು. ಅಂಗಡಿಯವನಿಗೆ ವ್ಯಾಪಾರ ಹೋಯಿತು. ಕೂಲಿಯವನಿಗೆ ಕೂಲಿ ಹೋಯಿತು. ಆ ವೃತ್ತದಲ್ಲಿ ಯಾವ ದಿನ ಯಾರು, ಎಷ್ಟು ಹೊತ್ತು, ಏನನ್ನು ನಿಲ್ಲಿಸಬಹುದೆಂಬುದಕ್ಕೆ ಎಲ್ಲರೂ ಬಲ್ಲ, ಎಲ್ಲರಿಗೂ ಸಮನಾದ ಒಂದು ಕಟ್ಟಳೆಯಿದ್ದು, ಅದನ್ನು ಅಂಜದೆ ನಡೆಯಿಸುವ ಅಧಿಕಾರಿಯಿದ್ದಿದ್ದರೆ ಸಂಗತಿಯು ಅಷ್ಟು ದೂರ ಹೋಗುತ್ತಿರಲಿಲ್ಲವೆಂದು ನಮ್ಮ ನಂಬಿಕೆ.

ಇದೇ ಊರು ಬೇರೊಂದು ಪಾಠವನ್ನೂ ಕಲಿಸಿದೆ. 2023ರ ಜನವರಿಯಲ್ಲಿ, ಶ್ರೀ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವಾಯಿತೆಂಬ ಸುದ್ದಿ ಬಂದಾಗ, ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಬಾಗಿಲ ಮುಂದೆ ಧರಣಿ ಕುಳಿತರು. ಅವರ ಕೂಗು ಯಾರಿಗೆ ಮುಟ್ಟಬೇಕೋ ಅವರ ಬಾಗಿಲಲ್ಲಿಯೇ ಕುಳಿತರೆಂಬುದನ್ನು ಗಮನಿಸಬೇಕು. ಊರಾಚೆಯ ಯಾವುದೋ ಬಯಲಿನಲ್ಲಿ ಕುಳಿತು ಕೂಗಿಕೊಳ್ಳಿರೆಂದು ಅವರಿಗೆ ಹೇಳಿದ್ದರೆ, ಆ ಧರಣಿಗೆ ಏನು ಅರ್ಥವಿರುತ್ತಿತ್ತು? ದೂರನ್ನು ಕೇಳಬೇಕಾದವನ ಕಿವಿಗೆ ಬೀಳದಂತಹ ಎಡೆಯನ್ನು ಕೊಟ್ಟು, ನಿಮಗೆ ಸ್ವಾತಂತ್ರ್ಯವನ್ನು ಕೊಟ್ಟಿದ್ದೇವೆಂದು ಹೇಳುವುದು ಕಿವುಡನ ಮುಂದೆ ಕಿನ್ನರಿ ನುಡಿಸಿರೆಂದು ಹೇಳಿದಂತೆ. ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದ ವಿಷಯದಲ್ಲಿ ನಮಗಿರುವ ಮುಖ್ಯವಾದ ಆಕ್ಷೇಪಣೆಯೂ ಇದೇ.

ಆ ಉದ್ಯಾನವು ಹಿಂದೆ ಕೇಂದ್ರ ಕಾರಾಗೃಹವಾಗಿದ್ದ ಜಾಗ. 1975ರ ತುರ್ತು ಪರಿಸ್ಥಿತಿಯಲ್ಲಿ ಶ್ರೀ ವಾಜಪೇಯಿ, ಶ್ರೀ ಆಡ್ವಾಣಿ ಮೊದಲಾದ ವಿರೋಧಪಕ್ಷದ ನಾಯಕರನ್ನು ಅಲ್ಲಿಯೇ ಸೆರೆಯಿಟ್ಟಿದ್ದರು. ಸೆರೆಮನೆಯು ಉದ್ಯಾನವಾದುದು ಮಂಗಳವೇ. ಆದರೆ ರಾಜಧಾನಿಯ ದೂರುಗಳೆಲ್ಲವೂ ಆ ಹಳೆಯ ಗೋಡೆಗಳೊಳಗೇ ಇರತಕ್ಕದ್ದೆಂದರೆ, ಉದ್ಯಾನವು ಮತ್ತೆ ಸೆರೆಮನೆಯಾಗುವುದಿಲ್ಲವೇ? ಶಿವಮೊಗ್ಗದಲ್ಲಿಯೂ ಹಳೆಯ ಜೈಲಿನ ಆವರಣವು ಸಾರ್ವಜನಿಕ ಬಯಲಾಗಿದೆ. ಈಗ ಅದಕ್ಕೆ ಅಲ್ಲಮಪ್ರಭುವಿನ ಹೆಸರು. ಆ ಬಯಲಿನ ಕಥೆಯು ಸ್ವಾರಸ್ಯವಾಗಿದೆ. 2024ರ ಜನವರಿ 12ರಂದು ಅಲ್ಲಿ ರಾಜ್ಯದ ಕಾಂಗ್ರೆಸ್ ಸರಕಾರದವರು ಯುವನಿಧಿ ಯೋಜನೆಯ ಸಭೆ ನಡೆಸಿದರು. ಮಾರ್ಚ್ 18ರಂದು ಅದೇ ಬಯಲಿನಲ್ಲಿ ಪ್ರಧಾನಮಂತ್ರಿ ಶ್ರೀ ನರೇಂದ್ರ ಮೋದಿಯವರು ತಮ್ಮ ಪಕ್ಷದ ಚುನಾವಣಾ ಸಭೆಯಲ್ಲಿ ಮಾತನಾಡಿದರು. ಎರಡು ಸಭೆಗಳಿಗೂ ಜನಸಾಗರವು ಬಂದಿತು, ಹೋಯಿತು. ಭೂಮಿ ಬಿರಿಯಲಿಲ್ಲ, ಆಕಾಶ ಬೀಳಲಿಲ್ಲ. ದೊಡ್ಡವರಿಗೆ ಸುಲಭವಾಗಿ ದೊರೆಯುವ ಈ ಸಮದೃಷ್ಟಿಯು ಸಣ್ಣವರಿಗೂ ದೊರೆಯಬೇಕೆಂಬುದೇ ನಮ್ಮ ಕೋರಿಕೆ.

ಸಣ್ಣವರ ಪಾಡನ್ನು ನಾವು ಸ್ವತಃ ಬಲ್ಲೆವು. ಕೆಲವು ವರ್ಷಗಳ ಹಿಂದೆ, ನಾಲೆಯ ಕೊನೆಯಂಚಿನ ರೈತರು ಕೆಲವರು ಒಂದು ಸಂಜೆಯ ಸಭೆಗಾಗಿ ಬಯಲೊಂದನ್ನು ಕೇಳಬೇಕೆಂದು ನಮ್ಮ ಬಳಿಗೆ ಬಂದರು. ಅರ್ಜಿಯನ್ನು ಬರೆದುಕೊಟ್ಟವರು ನಾವೇ. ಒಂದು ಕಛೇರಿಯವರು ಇನ್ನೊಂದು ಕಛೇರಿಗೆ ಹೋಗಿರೆಂದರು. ಅಲ್ಲಿಯವರು ಮೇಲಿನವರ ಅಪ್ಪಣೆಯಾಗಬೇಕೆಂದರು. ಕೊಡುವುದಿಲ್ಲವೆಂದು ಯಾರೂ ಹೇಳಲಿಲ್ಲ, ಕೊಟ್ಟೆವೆಂದೂ ಹೇಳಲಿಲ್ಲ. ಸಭೆಯ ದಿನ ಕಳೆದ ಮೂರನೆಯ ದಿನಕ್ಕೆ ಅನುಮತಿಯ ಪತ್ರವು ಬಂದಿತು! ಆ ರೈತರಲ್ಲಿ ಹಿರಿಯರೊಬ್ಬರು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, “ಸ್ವಾಮೀ, ದೇವರು ವರ ಕೊಟ್ಟರೂ ಪೂಜಾರಿ ಕೊಡ” ಎಂದು ನಕ್ಕರು. ಆ ನಗೆಯು ಇಂದಿಗೂ ನಮ್ಮನ್ನು ಚುಚ್ಚುತ್ತಿದೆ. ನಿರಾಕರಣೆಗಿಂತಲೂ ಹೆಚ್ಚು ಸಭೆಗಳನ್ನು ಕೊಂದಿರುವುದು ಮೌನ.

ದೇವರ ವರವೆಂದರೆ ಇಲ್ಲಿ ಸಂವಿಧಾನ. ನಿರಾಯುಧರಾಗಿ ಶಾಂತಿಯಿಂದ ಕೂಡುವ ಹಕ್ಕನ್ನು ಅದರ 19ನೆಯ ಅನುಚ್ಛೇದವು ಪ್ರಜೆಗೆ ಕೊಟ್ಟಿದೆ. ಸಾರ್ವಜನಿಕ ಶಾಂತಿಗಾಗಿ ಯುಕ್ತವಾದ ನಿರ್ಬಂಧಗಳಿಗೂ ಎಡೆ ಮಾಡಿದೆ. ಬೀದಿಯಲ್ಲಿ ನಡೆಯುವ ಸಭೆಗಳನ್ನು ಸರಕಾರವು ಕ್ರಮಪಡಿಸಬಹುದೇ ಹೊರತು, ಅಧಿಕಾರಿಯ ಮನಸ್ಸಿಗೆ ಬಂದಂತೆ ನಿರಾಕರಿಸುವ ಅಂಕೆಯಿಲ್ಲದ ಅಧಿಕಾರವನ್ನು ಕೊಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಅವರ ಮೊಕದ್ದಮೆಯಲ್ಲಿ 1972ರಷ್ಟು ಹಿಂದೆಯೇ ಹೇಳಿತು. ಅದೇ ನ್ಯಾಯಾಲಯವು, ಶಾಹೀನ್ ಬಾಗಿನ ಪ್ರಕರಣದಲ್ಲಿ, ಸಾರ್ವಜನಿಕ ಮಾರ್ಗವನ್ನು ಅನಿರ್ದಿಷ್ಟ ಕಾಲದವರೆಗೆ ಆಕ್ರಮಿಸಿ ಕೂರುವುದು ಸಲ್ಲದೆಂದು 2020ರ ಅಕ್ಟೋಬರಿನಲ್ಲಿ ಹೇಳಿತು. ಎರಡನ್ನೂ ಕೂಡಿಸಿ ಓದಿದರೆ ಧರ್ಮಸೂಕ್ಷ್ಮವು ಸ್ಪಷ್ಟವಾಗುವುದು: ಬೀದಿಯನ್ನು ಮುಚ್ಚುವ ಹಕ್ಕು ಪ್ರಜೆಗೂ ಇಲ್ಲ, ಅಧಿಕಾರಿಗೂ ಇಲ್ಲ.

ಇದು ನಮ್ಮ ನಾಡಿನ ವ್ಯಾಧಿ ಮಾತ್ರವೂ ಅಲ್ಲ. ಲಂಡನ್ನಿನಲ್ಲಿ 1866ರಲ್ಲಿ, ಮತದಾನದ ಹಕ್ಕನ್ನು ಕೇಳುವ ಜನರು ಹೈಡ್ ಪಾರ್ಕಿನಲ್ಲಿ ಸಭೆ ಸೇರಕೂಡದೆಂದು ಸರಕಾರದವರು ಬಾಗಿಲು ಹಾಕಿದರು. ಜನರು ಕಬ್ಬಿಣದ ಬೇಲಿಯನ್ನೇ ಕಿತ್ತು ಒಳನುಗ್ಗಿದರು. ಆರು ವರ್ಷಗಳ ಬಳಿಕ, 1872ರಲ್ಲಿ, ಉದ್ಯಾನಗಳ ಸಭೆಗಳಿಗೆ ಕಾಯಿದೆಯ ಮೂಲಕ ಎಡೆಯಾಯಿತು. ತೈವಾನ್ ದ್ವೀಪದಲ್ಲಿ ದೀರ್ಘಕಾಲದ ಸೈನಿಕ ಶಾಸನವು 1987ರಲ್ಲಿ ತೊಲಗಿದ ಮರುವರ್ಷವೇ ಸಭೆ ಮೆರವಣಿಗೆಗಳ ಕಾಯಿದೆಯು ಬಂದು, ಪೂರ್ವಾನುಮತಿಯನ್ನು ಕಡ್ಡಾಯಮಾಡಿತು. ಹಠಾತ್ತಾಗಿ ಒದಗುವ ಸಭೆಗಳಿಗೂ ಮುಂಚಿತವಾಗಿ ಅಪ್ಪಣೆ ಬೇಕೆನ್ನುವುದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿನ ನ್ಯಾಯಾಧೀಶರು 2014ರಲ್ಲಿ ತೀರ್ಮಾನಿಸಿದರು. ನಮ್ಮ ಹಿರಿಯರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿರಲಿಲ್ಲ. ಮದ್ದೂರಿನ ಬಳಿಯ ಶಿವಪುರದ ಬಯಲಿನಲ್ಲಿ 1938ರ ಏಪ್ರಿಲಿನಲ್ಲಿ ನಿಷೇಧವನ್ನು ಮೀರಿ ಧ್ವಜವೇರಿಸಿದವರು ಅವರೇ. ಅದೇ ತಿಂಗಳ 25ರಂದು ವಿದುರಾಶ್ವತ್ಥದ ತೋಪಿನಲ್ಲಿ ಸಭೆ ಸೇರಿದುದಕ್ಕಾಗಿ ಗುಂಡಿಗೆ ಎದೆಯೊಡ್ಡಿದವರೂ ಅವರೇ. ನಮ್ಮ ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ಏನನ್ನು ಕಂಡಿತೆಂಬುದನ್ನು ಈ ಜಿಲ್ಲೆಯವರಿಗೆ ನೆನಪುಮಾಡಿಕೊಡಬೇಕಾದುದಿಲ್ಲ. ಪರಕೀಯರ ನೆರಳಿನ ಆಡಳಿತದಿಂದ ಅಷ್ಟು ಬೆಲೆ ತೆತ್ತು ಬಿಡಿಸಿಕೊಂಡ ಬಯಲಿಗೆ ನಮ್ಮವರೇ ಬೀಗ ಹಾಕುವುದು ವಿಷಾದಕರವಾದ ವಿಷಯ.

ಅಧಿಕಾರಿಗಳ ಕಷ್ಟವನ್ನು ನಾವು ಅರಿಯದವರಲ್ಲ. ರೋಗಿಯನ್ನು ಹೊತ್ತ ವಾಹನವು ಮೆರವಣಿಗೆಯ ಹಿಂದೆ ನಿಲ್ಲಬಾರದು. ಪರೀಕ್ಷೆಗೆ ಓದುವ ಮಗುವಿನ ಕಿವಿಗೆ ಧ್ವನಿವರ್ಧಕವು ಬಡಿಯಬಾರದು. ಪಾಠ ನಡೆಯುವ ಹೊತ್ತಿನಲ್ಲಿ ಶಾಲೆಯ ಅಂಗಳವು ಯಾರ ಸಭೆಗೂ ಸಲ್ಲದು. ಕೈಯಲ್ಲಿ ದೊಣ್ಣೆ ಹಿಡಿದು ನಡೆಯುವವರೂ ಬರಿಗೈಯಲ್ಲಿ ನಡೆಯುವವರೂ ಒಂದೇ ಅಲ್ಲವೆಂದು ಕೆಲವರು ಹೇಳುವುದುಂಟು. ಆ ಮಾತಿನಲ್ಲಿ ಹುರುಳಿದೆ. ಹಾಗಾದರೆ ಮೆರವಣಿಗೆಯಲ್ಲಿ ಏನನ್ನು ಹಿಡಿಯಬಹುದು, ಏನನ್ನು ಹಿಡಿಯಬಾರದು ಎಂಬುದನ್ನು ಸಮಸ್ತರಿಗೂ ಒಂದೇ ಬರಹದಲ್ಲಿ ಬರೆದಿಡಲಿ. ಇವರಿಗೊಂದು ಅವರಿಗೊಂದು ಆಗಕೂಡದು. ಚಿತ್ತಾಪುರದಲ್ಲಿ ಕಂಡ ಹೊಸ ರೋಗವನ್ನಂತೂ ಮೊಳಕೆಯಲ್ಲಿಯೇ ಚಿವುಟಬೇಕು. ಎದುರಾಳಿಯು ಕೇಳಿದ ದಿನವನ್ನೇ ತಾನೂ ಕೇಳಿ, ಘರ್ಷಣೆಯ ಭಯವನ್ನು ತೋರಿಸಿ, ಇಬ್ಬರಿಗೂ ಇಲ್ಲವೆನಿಸುವ ಉಪಾಯವಿದು. ಎರಡನೆಯ ಅರ್ಜಿಯಿಂದ ಮೊದಲನೆಯದು ಸಾಯುವುದಾದರೆ ನಾಡಿನಲ್ಲಿ ಯಾವ ಸಭೆಯೂ ನಡೆಯಲಾರದು. ನಾಳೆ ದಲಿತ ಸಂಘಟನೆಗಳು ಏಪ್ರಿಲ್ 14ರ ಮೆರವಣಿಗೆಗೆ ಅಪ್ಪಣೆ ಕೇಳಿದಾಗ, ಇನ್ನೊಬ್ಬರು ಇದೇ ಅಸ್ತ್ರವನ್ನು ಅವರ ಮೇಲೆಯೇ ಹೂಡಿದರೆ ಗತಿಯೇನು?

ಆದುದರಿಂದ ಸರಕಾರದವರ ಮುಂದೆ ನಮ್ಮ ಸೂಚನೆಗಳನ್ನು ವಿನಯದಿಂದ ಇಡುತ್ತೇವೆ. ಪ್ರತಿಯೊಂದು ತಾಲ್ಲೂಕು ಕಛೇರಿಯಲ್ಲಿಯೂ ಸಭೆ ಮೆರವಣಿಗೆಗಳ ಅರ್ಜಿಗಳಿಗೆ ಒಂದು ದಫ್ತರವಿರಲಿ. ಯಾರು, ಯಾವ ದಿನ, ಯಾವ ಜಾಗವನ್ನು ಕೇಳಿದರೆಂಬುದನ್ನು ಯಾರು ಬೇಕಾದರೂ ಬಂದು ನೋಡುವಂತಿರಲಿ. ಮೊದಲು ಕೇಳಿದವನಿಗೆ ಮೊದಲು. ಎರಡನೆಯವನಿಗೆ ಮರುದಿನ, ಅಥವಾ ಬೇರೆ ಮಾರ್ಗ. ಜಾಗವನ್ನು ಸುಮ್ಮನೆ ಕಟ್ಟಿಹಾಕುವ ಉದ್ದೇಶದಿಂದ ತಿಂಗಳುಗಟ್ಟಲೆ ಮುಂಗಡವಾಗಿ ಹಿಡಿದಿಡುವುದಕ್ಕೆ ಅವಕಾಶ ಬೇಡ. ಅರ್ಜಿ ಬಂದ ಮೂರು ದಿನದೊಳಗೆ ಉತ್ತರ ಹೋಗಲಿ; ಹೋಗದಿದ್ದರೆ ಅಪ್ಪಣೆಯಾಯಿತೆಂದೇ ತಿಳಿಯತಕ್ಕದ್ದು. ನಿರಾಕರಿಸಿದರೆ ಕಾರಣವನ್ನು ಬರೆದು, ಸಹಿ ಹಾಕಿ ಕೊಡಲಿ. ಸಣ್ಣ ಕೂಟಗಳಿಗೆ ತಿಳಿವಳಿಕೆಯ ಪತ್ರವೊಂದೇ ಸಾಕು. ಬಯಲನ್ನು ಗುಡಿಸುವ ಖರ್ಚೂ ನಷ್ಟವನ್ನು ತುಂಬುವ ಹೊಣೆಯೂ ಸರ್ವರಿಗೂ ಒಂದೇ ಆಗಿರಲಿ, ಆಳುವ ಪಕ್ಷಕ್ಕೂ ಕೂಡ. ಇವುಗಳನ್ನು ಆತುರದ ಆಜ್ಞೆಯಾಗಿ ಹೊರಡಿಸದೆ, ವಿಧಾನಮಂಡಲದಲ್ಲಿ ಎರಡು ಪಕ್ಷದವರೂ ಕೂಡಿ ಚರ್ಚಿಸಿ ಕಾಯಿದೆಯಾಗಿ ಮಾಡಿದರೆ, ಸರಕಾರಗಳು ಬದಲಾದಾಗ ಬಯಲಿನ ಬಾಗಿಲು ಬದಲಾಗದು.

144ನೆಯ ಕಲಮಿನ ಸಂಖ್ಯೆಯು 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 163 ಎಂದಾಗಿದೆ. ಸಂಖ್ಯೆಯು ಬದಲಾದರೆ ಸಾಲದು. ಅದನ್ನು ಎತ್ತುವ ಕೈಯ ಅಭ್ಯಾಸವೂ ಬದಲಾಗಬೇಕು. ಇಂದು ಅಧಿಕಾರದಲ್ಲಿರುವ ಮಹಾಶಯರು ಬಯಲಿಗೆ ಬೀಗ ಜಡಿಯುವ ಮುನ್ನ ಒಂದು ಗಳಿಗೆ ಯೋಚಿಸಲಿ: ಚುನಾವಣೆಯ ಮರುದಿನ ಆ ಬೀಗದ ಕೈ ಎದುರು ಪಕ್ಷದವರ ಸೊಂಟದಲ್ಲಿರುತ್ತದೆ, ಬೀಗದ ಹೊರಗೆ ನಿಂತು ಕೂಗುವವರು ತಾವೇ ಆಗಿರುತ್ತಾರೆ. ಆ ದಿನ ಅವರ ಕೂಗಿಗೂ ಬಯಲು ತೆರೆದಿರಬೇಕೆಂಬುದೇ ನಮ್ಮ ಆಶಯ.